ಎರಡು ಹಂದಿ, ಎರಡು ಅರ್ಜಿ

ಲಿಂಕನ್‌ಶೈರ್ ಇಂಗ್ಲೆಂಡಿನ ಪೂರ್ವದಂಚಿನ ಸೀಮೆ. ಕೋಸು, ಆಲೂಗೆಡ್ಡೆ, ಗೋಧಿ ಬೆಳೆಯುವ ಕಪ್ಪು ನೆಲ. ಸಮುದ್ರದ ಕಡೆಯಿಂದ ಎಡೆಬಿಡದೆ ಬೀಸುವ ಗಾಳಿ. ಅಲ್ಲಿಯ ಒಂದು ಸಣ್ಣ ಹಳ್ಳಿಗೆ ನಾವು ಬಂದು ನೆಲೆಸಿದ ಎರಡನೆಯ ಬೇಸಿಗೆಯಲ್ಲಿ ಪಕ್ಕದ ಮನೆಯ ಮುದುಕರು ತಮ್ಮ ಹಿತ್ತಲಿಗೆ ಎರಡು ಹಂದಿಮರಿ ತಂದರು. ಎಂಟು ವಾರದ, ಗುಲಾಬಿ ಬಣ್ಣದ ಮರಿಗಳು. ನಮ್ಮ ಅಡುಗೆಮನೆಯ ಕಿಟಕಿಗೂ ಅವುಗಳ ಗೂಡಿಗೂ ನಡುವೆ ಇದ್ದದ್ದು ಒಂದು ಬೇಲಿ, ಹದಿನೈದು ಹೆಜ್ಜೆ, ಅಷ್ಟೆ. ಮೊದಲ ತಿಂಗಳು ಮಕ್ಕಳಿಗೆ ಮೋಜಾಗಿತ್ತು. ಜುಲೈ ಬಂತು, ಗಾಳಿ ತಿರುಗಿತು. ತುಪ್ಪದ ಒಗ್ಗರಣೆಯ ಜೊತೆಗೆ ಇನ್ನೊಂದು ವಾಸನೆಯೂ ಮನೆಯೊಳಗೆ ಬರತೊಡಗಿತು. ನಾನು ಹುಟ್ಟಾ ಸಸ್ಯಾಹಾರಿ. ಒಂದು ಸಂಜೆ ಕಿಟಕಿ ಮುಚ್ಚಿ ಕೂತು ಜಿಲ್ಲಾ ಕೌನ್ಸಿಲ್ಲಿಗೆ ಒಂದು ದೂರು ಬರೆದೆ. ಹೆಸರು ಬಹಿರಂಗಪಡಿಸಬಾರದು ಎಂದೂ ಕೋರಿದೆ.

ದೂರಿನ ಎರಡನೆಯ ವಾಕ್ಯ ‘ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ’ ಎಂದು ಶುರುವಾಗುತ್ತಿತ್ತು. ಇಂಗ್ಲಿಷಿನಲ್ಲಿ ಬರೆದಿದ್ದರೂ ಅದು ನನ್ನ ತಲೆಯೊಳಗೆ ಬಂದದ್ದು ಕನ್ನಡದಲ್ಲಿ. ಆ ವಾಕ್ಯವನ್ನು ನಾನು ಹಿಂದೆ ಎಲ್ಲೋ ಓದಿದ್ದೆ ಅನ್ನಿಸಿತು. ಎಲ್ಲಿ ಎನ್ನುವುದು ನೆನಪಾಗಲು ಕೆಲವು ತಿಂಗಳೇ ಬೇಕಾದವು. ಅಷ್ಟರಲ್ಲಿ, ನನ್ನ ದೂರಿಗೆ ಬಲ ಸಿಗಲಿ ಎಂದು, ಈ ದೇಶದಲ್ಲಿ ನೆರೆಹೊರೆಯ ಹಂದಿಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದು ಓದಲು ಹಿಡಿದೆ. ವಕೀಲನಂತೆ ಶುರು ಮಾಡಿದ ಓದು ನನ್ನನ್ನು ಬೇರೆಯೇ ಕಡೆ ಕೊಂಡೊಯ್ದಿತು.

ಮೊದಲಿಗೆ ಸಿಕ್ಕಿದ್ದು ನನ್ನ ಪರವಾದ ಸಾಕ್ಷಿಯೇ. ನಾರ್ಫೋಕ್ ಕೌಂಟಿ ನಮಗೆ ಪಕ್ಕದ್ದು. ಅಲ್ಲಿಯ ಹಾರ್ಲೆಸ್ಟನ್ ಎಂಬ ಊರಿನಲ್ಲಿ ವಿಲಿಯಂ ಆಲ್ಡ್ರೆಡ್ ಎಂಬಾತನ ಮನೆಗೆ ಹತ್ತಿಕೊಂಡಂತೆ ಥಾಮಸ್ ಬೆಂಟನ್ ಎಂಬಾತ ಹಂದಿಗೂಡು ಕಟ್ಟಿದ. ವಾಸನೆಯಿಂದ ಮನೆಯಲ್ಲಿ ಇರುವುದಕ್ಕೇ ಆಗುತ್ತಿಲ್ಲವೆಂದು ಆಲ್ಡ್ರೆಡ್ ನ್ಯಾಯಾಲಯಕ್ಕೆ ಹೋದ. 1610ರಲ್ಲಿ ತೀರ್ಪು ಬಂತು. ಎಡ್ವರ್ಡ್ ಕೋಕ್ ಅದನ್ನು ತನ್ನ ವರದಿಗಳಲ್ಲಿ ದಾಖಲಿಸಿದ. ಅಂದಿನಿಂದ ಇಂದಿನವರೆಗೂ ಇಂಗ್ಲಿಷ್ ಕಾನೂನು ಓದುವ ಮಕ್ಕಳು ನೆರೆಯವರ ಉಪದ್ರವ ಎಂಬ ಅಧ್ಯಾಯಕ್ಕೆ ಬಂದರೆ ಈ ಹಂದಿಗೂಡನ್ನು ದಾಟಿಯೇ ಮುಂದೆ ಹೋಗಬೇಕು.

ಬೆಂಟನ್ನನ ಪರವಾಗಿ ಮಂಡಿಸಿದ ವಾದ ನನಗೆ ನಗು ತರಿಸಿತು, ಸ್ವಲ್ಪ ಚುಚ್ಚಿತು ಕೂಡ. ಹಂದಿ ಮನುಷ್ಯನ ಹೊಟ್ಟೆಪಾಡಿಗೆ ಬೇಕಾದದ್ದು; ಅದರ ವಾಸನೆಯನ್ನೂ ತಡೆಯಲಾರದಷ್ಟು ನಾಜೂಕು ಮೂಗು ಯಾರಿಗೂ ಇರಬಾರದು ಎಂಬುದು ಆ ವಾದದ ಸಾರ. ನ್ಯಾಯಾಲಯ ಒಪ್ಪಲಿಲ್ಲ. ಮನೆ ಎಂದಮೇಲೆ ವಾಸಕ್ಕೆ ಯೋಗ್ಯವಾಗಿರಬೇಕು, ಬೆಳಕು ಬೇಕು, ಶುದ್ಧ ಗಾಳಿ ಬೇಕು; ಇವನ್ನು ಕೆಡಿಸಿದರೆ ದಾವೆ ಹೂಡಬಹುದು. ಆದರೆ ಕಿಟಕಿಯಿಂದ ಕಾಣುವ ನೋಟ ಕೆಟ್ಟಿತು ಎಂದು ದಾವೆ ಹೂಡುವ ಹಾಗಿಲ್ಲ, ನೋಟ ಬರಿಯ ಸಂತೋಷದ ವಿಷಯ, ಅಗತ್ಯದ್ದಲ್ಲ. ಹೀಗೆ ನಾಲ್ಕು ನೂರು ವರ್ಷ ಹಿಂದೆಯೇ ಗಾಳಿಗೂ ನೋಟಕ್ಕೂ ನಡುವೆ ಒಂದು ಗೆರೆ ಎಳೆದಾಗಿತ್ತು. ಗೆದ್ದವನು ಆಲ್ಡ್ರೆಡ್. ನಾನೂ ಗೆದ್ದೆ ಅಂದುಕೊಂಡೆ.

ಆದರೆ ಆಲ್ಡ್ರೆಡ್‌ನ ಕಾಲಕ್ಕೇ ಹಂದಿಯ ಕಥೆ ಹಳೆಯದಾಗಿತ್ತು. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಎಂಬ ದೊಡ್ಡ ಲೆಕ್ಕದ ಪುಸ್ತಕದಲ್ಲಿ ಪೂರ್ವ ಸೀಮೆಯ ಎಷ್ಟೋ ಕಾಡುಗಳನ್ನು ಅಳೆದಿರುವುದು ಎಕರೆಯಲ್ಲಿ ಅಲ್ಲ, ಹಂದಿಯಲ್ಲಿ. ಅರುವತ್ತು ಹಂದಿಯ ಕಾಡು, ನೂರು ಹಂದಿಯ ಕಾಡು ಎಂದು. ಶರತ್ಕಾಲದಲ್ಲಿ ಓಕ್ ಮರದ ಕಾಯಿ ಉದುರಿದಾಗ ಅದನ್ನು ತಿಂದು ಎಷ್ಟು ಹಂದಿ ಬದುಕಬಹುದೋ ಕಾಡು ಅಷ್ಟು ದೊಡ್ಡದು. ನಮ್ಮ ಕಡೆ ಇಷ್ಟು ಖಂಡುಗ ಬೀಜ ಹಿಡಿಯುವ ಗದ್ದೆ ಎಂದು ಹಿರಿಯರು ಹೇಳುತ್ತಿದ್ದರಲ್ಲ, ಹಾಗೆ. ದಕ್ಷಿಣದ ನ್ಯೂ ಫಾರೆಸ್ಟ್‌ನಲ್ಲಿ ಇಂದಿಗೂ ಆ ಕಾಡಿನ ಹಕ್ಕುದಾರರು ಶರತ್ಕಾಲದಲ್ಲಿ ಕೆಲವು ವಾರ ಹಂದಿಗಳನ್ನು ಮೇಯಲು ಬಿಡುತ್ತಾರೆ. ಆ ಕಾಯಿ ಕುದುರೆಗೆ, ದನಕ್ಕೆ ವಿಷ, ಹಂದಿಗೆ ಹಬ್ಬ.

ಊರಿನೊಳಗೆ ಮಾತ್ರ ಹಂದಿಗೆ ಆಗಲೂ ಸುಖವಿರಲಿಲ್ಲ. ಬೀದಿಯಲ್ಲಿ ಅಲೆಯುವ ಹಂದಿಗಳನ್ನು ಹಿಡಿದು ಕೊಲ್ಲಲೆಂದೇ 1292ರಲ್ಲಿ ಲಂಡನ್ನಿನಲ್ಲಿ ನಾಲ್ವರನ್ನು ನೇಮಿಸಲಾಯಿತು. ಇದಕ್ಕೆ ಒಂದು ವಿನಾಯಿತಿಯೂ ಇತ್ತು. ಸಂತ ಆಂಟನಿಯ ಹೆಸರಿನ ಆಸ್ಪತ್ರೆಯೊಂದಕ್ಕೆ ಸೇರಿದ ಹಂದಿಗಳ ಕೊರಳಿಗೆ ಗಂಟೆ ಕಟ್ಟುತ್ತಿದ್ದರು. ಸಂತೆಯಲ್ಲಿ ಮಾರಲು ಯೋಗ್ಯವಲ್ಲದ ಬಡಕಲು ಮರಿಗಳನ್ನು ಆಸ್ಪತ್ರೆಗೆ ಕೊಡುತ್ತಿದ್ದರು. ಗಂಟೆ ಕಟ್ಟಿಸಿಕೊಂಡ ಮರಿ ಯಾವ ಬೀದಿಯಲ್ಲಾದರೂ ತಿರುಗಬಹುದು, ಜನ ಪುಣ್ಯವೆಂದು ಅದಕ್ಕೆ ತಿನ್ನಲು ಹಾಕುತ್ತಿದ್ದರು. ದೇವರ ಹೆಸರಲ್ಲಿ ಬಿಟ್ಟ ನಮ್ಮೂರಿನ ಬಸವ ನೆನಪಾಯಿತು. ಅದೇ ಪ್ರಾಣಿ, ಅದೇ ಬೀದಿ. ಕೊರಳಲ್ಲಿ ಗಂಟೆ ಇದೆಯೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ.

ಹಂದಿ ಹಳ್ಳಿಯ ಬಡವನ ಮನೆಯ ಒಡವೆಯಾದದ್ದು ಮುಂದೆ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಲ್ಲಿಯ ಗೋಮಾಳಗಳಿಗೆಲ್ಲ ಕಾಯಿದೆಯ ಬೇಲಿ ಬಿದ್ದು ಕೂಲಿಯವರ ಹಸುವಿಗೆ ಮೇವಿಲ್ಲದಂತಾಯಿತು. ಹಸುವಿಗೆ ಹುಲ್ಲುಗಾವಲು ಬೇಕು; ಹಂದಿಗೆ ಒಂದು ಮೂಲೆ ಸಾಕು. ಮನೆಯ ಮುಸುರೆ, ಸಣ್ಣ ಆಲೂಗೆಡ್ಡೆ, ಕಳೆಗಿಡ, ಕೊನೆಯ ವಾರಗಳಲ್ಲಿ ಕೊಬ್ಬಲೆಂದು ಸಾಲ ಮಾಡಿ ತಂದ ಬಾರ್ಲಿ ಹಿಟ್ಟು. ಇಷ್ಟು ಹಾಕಿದರೆ ವಸಂತದಲ್ಲಿ ತಂದ ಮರಿ ಚಳಿಗಾಲದ ಹೊತ್ತಿಗೆ ಇಡೀ ಮನೆಯ ವರ್ಷದ ಕೊಬ್ಬು, ಉಪ್ಪುಮಾಂಸ. ವಿಲಿಯಂ ಕಾಬೆಟ್ 1822ರ ಹೊತ್ತಿಗೆ ಮುಗಿಸಿದ ‘ಕಾಟೇಜ್ ಎಕಾನಮಿ’ಯಲ್ಲಿ, ಮನೆಯ ತೊಲೆಗೆ ತೂಗುಬಿಟ್ಟ ಒಂದೆರಡು ಉಪ್ಪುಮಾಂಸದ ಹಲ್ಲೆಗಳು ಕಳ್ಳತನವನ್ನು ತಡೆಯುವಷ್ಟು ಯಾವ ದಂಡನೆಯ ಕಾನೂನೂ ತಡೆಯಲಾರದು ಎಂದು ವಾದಿಸಿದ.

ಆಕ್ಸ್‌ಫರ್ಡ್‌ಶೈರಿನ ಒಂದು ಬಡ ಹಳ್ಳಿಯಲ್ಲಿ 1880ರ ದಶಕದಲ್ಲಿ ಬೆಳೆದ ಫ್ಲೋರಾ ಥಾಂಪ್ಸನ್ ತನ್ನ ‘ಲಾರ್ಕ್ ರೈಸ್’ ಪುಸ್ತಕದಲ್ಲಿ ಇದನ್ನೆಲ್ಲ ಮನೆಮಗಳಾಗಿ ಬರೆದಿದ್ದಾಳೆ. ಅದು ಪ್ರಕಟವಾದದ್ದು 1939ರಲ್ಲಿ. ಶಾಲೆಯಿಂದ ಬರುವ ಮಕ್ಕಳು ದಾರಿಯುದ್ದಕ್ಕೂ ಹಂದಿಗೆಂದು ಸೊಪ್ಪು ಕೀಳುತ್ತಾರೆ, ಬಸವನಹುಳು ಆರಿಸಿ ತರುತ್ತಾರೆ. ಭಾನುವಾರ ಗಂಡಸರು ಒಬ್ಬರ ಹಂದಿಗೂಡಿನ ಮುಂದೆ ಇನ್ನೊಬ್ಬರು ನಿಂತು, ಅದರ ಬೆನ್ನು ಕೆರೆಯುತ್ತಾ ಎಷ್ಟು ತೂಗೀತು ಎಂದು ಲೆಕ್ಕ ಹಾಕುತ್ತಾರೆ. ಕೈಯಲ್ಲಿ ಕಾಸಿಲ್ಲದ ಮನೆಗಳಲ್ಲಿ ಹಂದಿ ಬದುಕಿರುವಾಗಲೇ ಅರ್ಧ ಹಂದಿ ಹಿಟ್ಟಿನವನ ಸಾಲಕ್ಕೆ ಹೋಗಿರುತ್ತದೆ. ಚಂದ್ರ ಬೆಳೆಯುವ ಪಕ್ಷದಲ್ಲೇ ಕೊಯ್ಯಬೇಕು, ಕ್ಷೀಣಿಸುವಾಗ ಕೊಯ್ದರೆ ಮಾಂಸ ಬೇಯುವಾಗ ಕುಗ್ಗುತ್ತದೆ ಎಂಬ ನಂಬಿಕೆ. ಪಂಚಾಂಗ ನೋಡದೆ ಏನನ್ನೂ ಮಾಡದ ನಮ್ಮಜ್ಜಿ ಇದನ್ನು ಕೇಳಿದ್ದರೆ, ಮೂಗು ಮುಚ್ಚಿಕೊಂಡೇ ತಲೆದೂಗುತ್ತಿದ್ದಳೇನೋ.

ಹಂದಿ ಸತ್ತರೆ? ಕೂಲಿಯವನಿಗೆ ಅದು ವರ್ಷದ ಉಳಿತಾಯವೇ ಸತ್ತಂತೆ. ಅದಕ್ಕೆಂದೇ ಹಳ್ಳಿಗಳಲ್ಲಿ ಹಂದಿ ಸಂಘಗಳು ಹುಟ್ಟಿದವು. ಸದಸ್ಯರು ಪೆನ್ನಿ ಲೆಕ್ಕದಲ್ಲಿ ವಂತಿಗೆ ಕಟ್ಟುವುದು. ಸಂಘದವರು ಬಂದು ಹಂದಿಯನ್ನು ನೋಡಿ ಗುರುತು ಹಾಕುವುದು. ರೋಗದಿಂದ ಸತ್ತರೆ ಸಂಘ ಪರಿಹಾರ ಕೊಡುವುದು. ಪಕ್ಕದವನ ಹಂದಿಯ ಆರೋಗ್ಯದಲ್ಲಿ ಎಲ್ಲರ ದುಡ್ಡೂ ಇತ್ತು. ಅಂಥ ಹಳ್ಳಿಯಲ್ಲಿ ವಾಸನೆಯ ಬಗ್ಗೆ ಯಾರು ಯಾರ ಮೇಲೆ ಅರ್ಜಿ ಬರೆದಾರು?

ನಾನಿರುವ ಲಿಂಕನ್‌ಶೈರ್ ಈ ವಿಷಯದಲ್ಲಿ ಹೆಸರಾದ ಸೀಮೆ. ಹಂದಿ ಕೊಯ್ದ ದಿನ ಇಟ್ಟುಕೊಳ್ಳಲಾಗದ ಭಾಗಗಳನ್ನೆಲ್ಲ ಹುರಿಯಲೆಂದು ತಟ್ಟೆಗಳಲ್ಲಿ ಹಾಕಿ ಅಕ್ಕಪಕ್ಕದ ಮನೆಗಳಿಗೆ ಹಂಚುತ್ತಿದ್ದರು. ಫ್ರಿಜ್ಜಿಲ್ಲದ ಕಾಲ, ಇವತ್ತು ನನ್ನದು, ಮುಂದಿನ ವಾರ ನಿನ್ನದು ಕೊಯ್ದರೆ ಎಲ್ಲರಿಗೂ ಹಲವು ವಾರ ಹಸಿ ಮಾಂಸ ಸಿಗುತ್ತಿತ್ತು. ಈ ತಟ್ಟೆಗೆ ಒಂದು ಕಟ್ಟಳೆ: ಅದನ್ನು ತೊಳೆದು ಹಿಂದಿರುಗಿಸಬಾರದು. ತೊಳೆದರೆ ಉಪ್ಪು ಹಾಕಿಟ್ಟ ಮಾಂಸ ಕೆಡುತ್ತದೆ ಎಂದು ನಂಬಿಕೆ. ನಮ್ಮ ಅಮ್ಮ ಪಕ್ಕದ ಮನೆಯ ಪಾತ್ರೆಯನ್ನು ಎಂದೂ ಬರಿದಾಗಿ ಕೊಟ್ಟವಳಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡುತ್ತಿದ್ದಳು. ಎರಡರ ಅರ್ಥವೂ ಒಂದೇ ಇರಬೇಕು: ಲೆಕ್ಕ ಚುಕ್ತಾ ಮಾಡಬೇಡ, ಸ್ವಲ್ಪ ಬಾಕಿ ಇರಲಿ.

ಇಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ಹಳ್ಳಿಯ ಚಿತ್ರ. ಆದರೆ ಇದೇ ಶತಮಾನದಲ್ಲಿ ಲಂಡನ್ನಿನಲ್ಲಿ ಇನ್ನೊಂದು ಚಿತ್ರವಿತ್ತು. ನಾಟಿಂಗ್ ಹಿಲ್ ಎಂದರೆ ಇವತ್ತು ನಮ್ಮ ಮಕ್ಕಳಿಗೆ ಸಿನಿಮಾ. ದುಡ್ಡಿದ್ದವರ ಬಣ್ಣಬಣ್ಣದ ಮನೆಗಳ ಬೀದಿ. ಅದರ ಪಶ್ಚಿಮದ ಇಳಿಜಾರಿನಲ್ಲಿ, ಇಟ್ಟಿಗೆ ಮತ್ತು ಮಡಕೆಗೆ ಮಣ್ಣು ತೆಗೆದು ಗುಂಡಿಬಿದ್ದ ನೆಲದಲ್ಲಿ, ನಗರದ ಒಳಭಾಗದಿಂದ ಹೊರದೂಡಿಸಿಕೊಂಡ ಹಂದಿ ಸಾಕುವವರು ಬಂದು ಸೇರಿದ್ದರು. ಜನ ಸಾವಿರದಷ್ಟು, ಹಂದಿ ಮೂರು ಸಾವಿರದಷ್ಟು. ಶ್ರೀಮಂತರ ಮನೆ, ಹೋಟೆಲುಗಳ ಮುಸುರೆಯನ್ನು ಗಾಡಿಯಲ್ಲಿ ತಂದು ಕುದಿಸಿ, ಮೇಲೆ ಬಂದ ಕೊಬ್ಬನ್ನು ಮಾರಿ, ಉಳಿದದ್ದನ್ನು ಹಂದಿಗೆ ಹಾಕುವುದು ಅವರ ಕಸುಬು. ಗುಂಡಿಗಳಲ್ಲಿ ನಿಂತ ಕೊಳಚೆಯ ಹೊಂಡಗಳಲ್ಲಿ ದೊಡ್ಡದಕ್ಕೆ ಜನ ‘ಸಮುದ್ರ’ ಎಂದು ಹೆಸರಿಟ್ಟಿದ್ದರು. 1846ರಿಂದ 1848ರವರೆಗಿನ ಲೆಕ್ಕದಂತೆ ಅಲ್ಲಿ ಸತ್ತವರ ಸರಾಸರಿ ವಯಸ್ಸು 11 ವರ್ಷ 7 ತಿಂಗಳು. ಓದಿದಾಗ ಸಂಖ್ಯೆ ತಪ್ಪಿರಬೇಕು ಎಂದು ಮತ್ತೆ ನೋಡಿದೆ. ತಪ್ಪಿರಲಿಲ್ಲ. ಅಷ್ಟೊಂದು ಎಳೆಯ ಮಕ್ಕಳು ಸಾಯುತ್ತಿದ್ದರು. 1849ರ ಕಾಲರಾ ಅಲ್ಲಿಗೂ ಬಂತು.

ಹಾಗಾದರೆ ಹಂದಿಗಳನ್ನು ಓಡಿಸಬೇಕಿತ್ತಲ್ಲವೆ? ಓಡಿಸಿದರು, ಆದರೆ ಮೂವತ್ತು ವರ್ಷ ಹಿಡಿಯಿತು. ಹಂದಿ ಹೋದರೆ ಆ ಮನೆಗಳ ಅನ್ನ ಹೋಗುತ್ತದೆ. ಹಂದಿ ಇದ್ದರೆ ಮಕ್ಕಳು ಹೋಗುತ್ತಾರೆ. ಚರಂಡಿಯಿಲ್ಲ, ಕುಡಿಯಲು ಒಳ್ಳೆಯ ನೀರಿಲ್ಲ. ಅವನ್ನು ಕೊಡಬೇಕಾದವರಿಗೆ ಚರಂಡಿ ತೋಡಿಸುವುದಕ್ಕಿಂತ ಹಂದಿಯ ಕಡೆ ಬೆರಳು ತೋರಿಸುವುದು ಸುಲಭವಾಗಿತ್ತು. 1870ರ ದಶಕದ ಕೊನೆಯ ಹೊತ್ತಿಗೆ ಹಂದಿಗಳು ಹೋದವು. ‘ಸಮುದ್ರ’ವನ್ನು ಮುಚ್ಚಿ ಅದರ ಮೇಲೆ 1892ರಲ್ಲಿ ಒಂದು ಉದ್ಯಾನ ತೆರೆದರು, ಅವಾಂಡೇಲ್ ಪಾರ್ಕ್. ಲಂಡನ್ನಿಗೆ ಹೋದಾಗ ಒಮ್ಮೆ ನೋಡಿಬಂದೆ. ಮಕ್ಕಳು ಚೆಂಡಾಡುತ್ತಿದ್ದರು. ಹತ್ತಿರದ ಬೀದಿಯಲ್ಲಿ ಹಳೆಯ ಮಡಕೆ ಗೂಡೊಂದನ್ನು ಉಳಿಸಿಕೊಂಡಿದ್ದಾರೆ. ಹಂದಿಯ ಗುರುತು ನನ್ನ ಕಣ್ಣಿಗೆ ಬೀಳಲಿಲ್ಲ.

ಈ ಅನುಭವಗಳಿಂದಲೇ 1875ರ ಸಾರ್ವಜನಿಕ ಆರೋಗ್ಯ ಕಾಯಿದೆ ಬಂತು. ಪಟ್ಟಣದಲ್ಲಿ ವಾಸದ ಮನೆಯೊಳಗೆ ಹಂದಿ ಸಾಕಿದರೆ, ಇಲ್ಲವೆ ಬೇರೆಯವರಿಗೆ ಉಪದ್ರವವಾಗುವಂತೆ ಸಾಕಿದರೆ 40 ಶಿಲಿಂಗಿನವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 5 ಶಿಲಿಂಗ್. ಇದೇ ಆಲೋಚನೆ ಹಡಗು ಹತ್ತಿ ನಮ್ಮ ದೇಶಕ್ಕೂ ಬಂದಿತ್ತು. 1860ರ ಭಾರತೀಯ ದಂಡ ಸಂಹಿತೆಯ 268ನೆಯ ಕಲಮು ಸಾರ್ವಜನಿಕ ಉಪದ್ರವವೆಂದರೆ ಏನೆಂದು ಹೇಳಿತು. 278ನೆಯದು ಗಾಳಿಯನ್ನು ಆರೋಗ್ಯಕ್ಕೆ ಹಾನಿಯಾಗುವಂತೆ ಕೆಡಿಸಿದವನಿಗೆ ದಂಡ ವಿಧಿಸಿತು. ನಮ್ಮ ಪುರಸಭೆಗಳ ಭಾಷೆ ಅಲ್ಲಿಂದ ಇಳಿದು ಬಂದದ್ದು.

ಇಲ್ಲಿಗೆ ಬಂದಾಗ ನನಗೆ ಆ ವಾಕ್ಯ ನೆನಪಾಯಿತು.

ನಾನು ಕೋಲಾರ ಜಿಲ್ಲೆಯವನು. 1970ರ ದಶಕದ ಕೊನೆಯ ವರ್ಷಗಳಲ್ಲಿ ನಮ್ಮ ಕಡೆ ಮೆದುಳು ಜ್ವರ ಬಂತು. ಆಟವಾಡುತ್ತಿದ್ದ ಮಗುವಿಗೆ ಜ್ವರ, ಸೆಳೆತ, ಪ್ರಜ್ಞೆ ತಪ್ಪುವುದು. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ಉಳಿದವರಲ್ಲೂ ಕೆಲವರು ಮೊದಲಿನಂತಾಗಲಿಲ್ಲ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಈ ರೋಗದ ವೈರಸ್ಸು ಕೆರೆಯಂಚಿನ ಬೆಳ್ಳಕ್ಕಿಗಳಲ್ಲಿ, ಹಂದಿಗಳಲ್ಲಿ ಇರುತ್ತದೆ. ಹಂದಿಯ ರಕ್ತದಲ್ಲಿ ಬಹಳ ಬೇಗ ಹೆಚ್ಚುತ್ತದೆ, ಆದರೆ ಹಂದಿ ಸಾಮಾನ್ಯವಾಗಿ ನರಳುವುದಿಲ್ಲ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆ ಅದನ್ನು ಮನುಷ್ಯನಿಗೆ ತರುತ್ತದೆ. ಹಂದಿಯಿಂದ ನೇರವಾಗಿ ಬರುವುದಿಲ್ಲ. ಇದೆಲ್ಲ ನಮಗೆ ಆಗ ಗೊತ್ತಿರಲಿಲ್ಲ. ಹಂದಿ ಎಂಬ ಒಂದು ಪದ ಮಾತ್ರ ಗೊತ್ತಿತ್ತು.

ನಮ್ಮ ಬೀದಿಯ ಹಿಂದೆ ಕೊರಮರ ಕೇರಿ ಇತ್ತು. ಬುಟ್ಟಿ ಹೆಣೆಯುವ, ಹಂದಿ ಸಾಕುವ ಜನ. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನನ್ನು ತಮ್ಮವನೆನ್ನುವ ಜನ. ಆ ಕೇರಿಯ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ, ಹಿಂದಿನ ಸಾಲಿನಲ್ಲಿ. ಲೆಕ್ಕದಲ್ಲಿ ನನಗಿಂತ ಚುರುಕು. ಜ್ವರದ ಭಯ ಹರಡಿದ ವಾರ ನಮ್ಮ ತಂದೆ ಪುರಸಭೆಗೆ ಅರ್ಜಿ ಬರೆದರು. ಅವರ ಅಕ್ಷರ ಮುತ್ತಿನಂಥದ್ದು. ‘ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ’ ಎಂದು ಎರಡನೆಯ ಸಾಲು. ಮನೆಮನೆಗೆ ಹೋಗಿ ರುಜು ಹಾಕಿಸಿಕೊಂಡು ಬಂದವನು ನಾನು. ಹನ್ನೆರಡು ವರ್ಷದವನಿಗೆ ಅದೊಂದು ದೊಡ್ಡ ಹೆಮ್ಮೆ. ನಾಲ್ಕನೆಯ ದಿನ ಗಾಡಿ ಬಂದು ಹಂದಿಗಳನ್ನು ತುಂಬಿಕೊಂಡು ಹೋಯಿತು. ಬಲೆಗೆ ಬಿದ್ದ ಹಂದಿಯ ಕೂಗು ಇಡೀ ಬೀದಿಗೆ ಕೇಳಿಸಿತು. ಆ ಹುಡುಗ ಮಾರನೆಯ ದಿನ ಶಾಲೆಗೆ ಬಂದ, ಅದರ ಮಾರನೆಯ ದಿನವೂ ಬಂದ. ಬೇಸಿಗೆ ರಜೆಯ ನಂತರ ಬರಲಿಲ್ಲ. ಅವರ ಮನೆಯವರು ಎಲ್ಲಿಗೋ ಕೆಲಸಕ್ಕೆ ಹೋದರು ಎಂದರು.

ನಮ್ಮ ತಂದೆಯ ಭಯ ಸುಳ್ಳಲ್ಲ. ಮಕ್ಕಳು ಸಾಯುತ್ತಿದ್ದರು, ಹಂದಿಗೂ ಅದಕ್ಕೂ ಸಂಬಂಧವಿತ್ತು. ಆದರೆ ಕೆರೆಯ ಕೆಳಗಿನ ಗದ್ದೆಯ ಸೊಳ್ಳೆಯ ಬಗ್ಗೆ, ತುಂಬಿ ನಿಂತ ಚರಂಡಿಯ ಬಗ್ಗೆ ಆ ಅರ್ಜಿಯಲ್ಲಿ ಒಂದು ಸಾಲೂ ಇರಲಿಲ್ಲ. ಗದ್ದೆಗಳು ನಮ್ಮವರವು. ಹಂದಿಗೆ ಪರಿಹಾರ ಕೊಡಿ ಎಂದೂ ಯಾರೂ ಬರೆಯಲಿಲ್ಲ. ನಿಜ ಹೇಳಬೇಕೆಂದರೆ, ಜ್ವರ ಬರುವುದಕ್ಕೆ ಬಹಳ ಹಿಂದಿನಿಂದಲೇ ಆ ಕೇರಿಯ ವಾಸನೆ ನಮಗೆ ಆಗುತ್ತಿರಲಿಲ್ಲ. ಜ್ವರ ನಮಗೊಂದು ಗೌರವದ ಕಾರಣ ಕೊಟ್ಟಿತು. ವರಾಹ ನಮಗೆ ಅವತಾರ. ಬಾದಾಮಿ ಚಾಲುಕ್ಯರ ಲಾಂಛನ ಅದು, ವಿಜಯನಗರದ ಹೊನ್ನಿನ ನಾಣ್ಯದ ಹೆಸರು ಅದು. ಕೊಡಗಿನಲ್ಲಿ ಹಂದಿಯಿಲ್ಲದೆ ಹಬ್ಬದೂಟವಿಲ್ಲ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಹಿತ್ತಲಲ್ಲೇ ಸಾಕುತ್ತಿದ್ದರು. ಕೇರಿಯವರು ಸಾಕಿದರೆ ಮಾತ್ರ ಅದು ಹೊಲಸು. ಬೆಂಟನ್ನನ ವಕೀಲ ಹೇಳಿದ ನಾಜೂಕು ಮೂಗು ಯಾವುದೆಂದು ನನಗೆ ಆಗ ತಿಳಿಯಿತು. ನಾವು ಎಲ್ಲವನ್ನೂ ನಮ್ಮ ಮೂಗಿನ ನೇರಕ್ಕೇ ನೋಡಿದ್ದೆವು.

ಇಂಗ್ಲೆಂಡಿನ ಮೂಗೂ ಕಾಲಕ್ಕೆ ತಕ್ಕಂತೆ ಬದಲಾದದ್ದುಂಟು. 1940ರ ಜನವರಿಯಲ್ಲಿ ಬೇಕನ್ನಿಗೆ ಪಡಿತರ ಬಂತು. ಪಟ್ಟಣಗಳಿಂದ ಹಂದಿಯನ್ನು ಓಡಿಸಲು ನೂರು ವರ್ಷ ದುಡಿದ ಸರ್ಕಾರವೇ ಈಗ ಸಾಕಿ, ಸಾಕಿ ಎಂದು ಬೇಡಿಕೊಂಡಿತು. ಸಣ್ಣ ಹಂದಿ ಸಾಕಣೆಗಾರರಿಗೆಂದೇ ಒಂದು ಮಂಡಳಿ ಸ್ಥಾಪನೆಯಾಯಿತು. ಯುದ್ಧ ಮುಗಿಯುವ ಹೊತ್ತಿಗೆ ದೇಶದಲ್ಲಿ ಸುಮಾರು 6,900 ಹಂದಿ ಸಂಘಗಳಿದ್ದವು. ಬೀದಿಬೀದಿಯಲ್ಲಿ ಮುಸುರೆಯ ತೊಟ್ಟಿಗಳು. ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಆ ಮುಸುರೆಯನ್ನು ಬೇಯಿಸಿ ಗಟ್ಟಿಮಾಡಿದ ಮೇವಿಗೆ ‘ಟಾಟನ್‌ಹ್ಯಾಮ್ ಪುಡ್ಡಿಂಗ್’ ಎಂದೇ ಹೆಸರು; ಹೆಸರಿಟ್ಟದ್ದು ರಾಣಿ ಮೇರಿ ಎನ್ನುತ್ತಾರೆ. ಹೈಡ್ ಪಾರ್ಕಿನಲ್ಲಿ ಪೊಲೀಸರೇ ಹಂದಿ ಸಾಕಿದರು. ಸಂಘದ ಹಂದಿಗಳಲ್ಲಿ ಅರ್ಧ ಸರ್ಕಾರಕ್ಕೆ, ಅರ್ಧ ಸದಸ್ಯರಿಗೆ. ಆ ವರ್ಷಗಳ ಹಂದಿಗೂ ಹಿಂದಿನ ವಾಸನೆಯೇ ಇದ್ದಿರಬೇಕು. ಆದರೆ ಅದು ದೇಶಸೇವೆಯ ವಾಸನೆ. ಯುದ್ಧ ಮುಗಿದರೂ ಪಡಿತರ ಮುಗಿಯಲಿಲ್ಲ. 1947ರ ಒಂದು ಸಣ್ಣ ಊರಿನಲ್ಲಿ ಗುಟ್ಟಾಗಿ ಬೆಳೆಸಿದ ಹಂದಿಯ ಸುತ್ತ ಅಲನ್ ಬೆನೆಟ್ ಬರೆದ ಚಿತ್ರಕಥೆ 1984ರಲ್ಲಿ ‘ಎ ಪ್ರೈವೇಟ್ ಫಂಕ್ಷನ್’ ಎಂಬ ಸಿನಿಮಾ ಆಯಿತು. 1954ರ ಜುಲೈ 4ರಂದು ಮಾಂಸದ ಪಡಿತರ ಕೊನೆಗೊಂಡಿತು. ಅಂಗಡಿಯಲ್ಲಿ ಬೇಕಾದಷ್ಟು ಸಿಗತೊಡಗಿದಂತೆ ಹಿತ್ತಲ ಹಂದಿಯೂ ಮೆಲ್ಲಗೆ ಮರೆಯಾಯಿತು.

ಅದಕ್ಕೆ ಕೊನೆಯ ಪೆಟ್ಟು 2001ರಲ್ಲಿ. ಆ ವರ್ಷದ ಕಾಲುಬಾಯಿ ಜ್ವರದ ಮೂಲ ಉತ್ತರದ ಹೆಡನ್ ಆನ್ ದ ವಾಲ್ ಎಂಬಲ್ಲಿ, ಸರಿಯಾಗಿ ಬೇಯಿಸದ ಮುಸುರೆ ತಿಂದ ಹಂದಿಗಳಲ್ಲಿ ಸಿಕ್ಕಿತು. ರೋಗ ತಡೆಯಲು 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದರು. ಅದೇ ವರ್ಷ ಹಂದಿಗೆ ಮುಸುರೆ ಹಾಕುವುದನ್ನೇ ನಿಷೇಧಿಸಿದರು. ಮನೆಯ ಅಡುಗೆಮನೆಯನ್ನು ಹಾದುಬಂದ ಏನನ್ನೂ, ಒಂದು ಆಲೂಗೆಡ್ಡೆ ಸಿಪ್ಪೆಯನ್ನೂ, ಹಾಕುವ ಹಾಗಿಲ್ಲ. ಬೇಲಿಯ ಆಚೆ ಈಚೆಯ ಹಳೆಯ ಕೊಡುಕೊಳ್ಳುವಿಕೆ ಅಲ್ಲಿಗೆ ಅಪರಾಧವಾಯಿತು. ಒಂದೇ ಹಂದಿ ಸಾಕಿದರೂ ನೆಲಕ್ಕೊಂದು ನಂಬರು, ಹಂದಿಗೊಂದು ಗುರುತು ಬೇಕು. ಹೊಸ ಹಂದಿ ಬಂದ ಮೇಲೆ 20 ದಿನ ಅಲ್ಲಿಂದ ಹಂದಿಯನ್ನು ಹೊರಗೆ ಕಳಿಸುವಂತಿಲ್ಲ.

ನನ್ನ ದೂರಿಗೆ ಏನಾಯಿತು ಎಂದು ಹೇಳುವುದು ಬಾಕಿ. ಈಗಿನ ಕಾನೂನು 1990ರ ಪರಿಸರ ಸಂರಕ್ಷಣಾ ಕಾಯಿದೆ. ಸಾಕಿದ ಸ್ಥಳ ಅಥವಾ ರೀತಿ ಆರೋಗ್ಯಕ್ಕೆ ಹಾನಿಯೋ ಉಪದ್ರವವೋ ಆದರೆ ಮಾತ್ರ ಕೌನ್ಸಿಲ್ಲು ಕೈಹಾಕಬಹುದು. ಅಧಿಕಾರಿಯೊಬ್ಬರು ಬಂದು ನೋಡಿದರು. ದಾಖಲೆ ಸರಿಯಿತ್ತು, ಗೂಡು ಒಣಗಿತ್ತು. ಉಪದ್ರವವಲ್ಲ ಎಂದು ಬರೆದು ಹೋದರು. ಮುದುಕರು ಮಾತ್ರ ಅಂದಿನಿಂದ ಗೂಡನ್ನು ಬೇಲಿಯಿಂದ ಇನ್ನಷ್ಟು ದೂರಕ್ಕೆ ಸರಿಸಿ, ವಾರಕ್ಕೆರಡು ಸಲ ಹುಲ್ಲು ಬದಲಿಸತೊಡಗಿದರು. ನಮ್ಮನ್ನು ಕಂಡರೆ ತಲೆಯಾಡಿಸುವುದು ನಿಂತಿತು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅವರ ಬಾಗಿಲು ತಟ್ಟಿ, ದೂರು ಬರೆದವನು ನಾನು ಎಂದೆ. ಗೊತ್ತು ಎಂದರು. ಸ್ವಲ್ಪ ಹೊತ್ತು ನಿಂತಿದ್ದು, ಬನ್ನಿ ನೋಡಿ ಎಂದು ಹಿಂದಕ್ಕೆ ಕರೆದುಕೊಂಡು ಹೋದರು. ಹಂದಿ ಒಂಟಿಯಾಗಿದ್ದರೆ ಕೊರಗುತ್ತದೆ, ಅದಕ್ಕೇ ಎರಡು ಎಂದರು. ಮಲಗುವ ಜಾಗ ಬೇರೆ, ಹೊಲಸು ಮಾಡುವ ಮೂಲೆ ಬೇರೆ. ಜಾಗ ಕೊಟ್ಟರೆ ತಾನಾಗಿಯೇ ಹಾಗೆ ಇಟ್ಟುಕೊಳ್ಳುತ್ತದೆ. ಬೆವರುವುದಿಲ್ಲ, ಅದಕ್ಕೆ ಕೆಸರು ಬೇಕು. ನಾನು ಹನ್ನೆರಡು ವರ್ಷದವನಾಗಿದ್ದಾಗ ಆ ಕೇರಿಯೊಳಗೆ ಹೋಗಿದ್ದರೆ ಇಷ್ಟನ್ನೂ ಅಲ್ಲಿಯೇ ಯಾರಾದರೂ ಹೇಳುತ್ತಿದ್ದರು. ಹೋಗಿರಲಿಲ್ಲ. ಕೋಲಾರದ ಕಥೆಯನ್ನು ಮುದುಕರಿಗೆ ಹೇಳಿದೆ. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹುಡುಕಿದಿರಾ ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮಾರನೆಯ ದಿನ ನನ್ನ ಹೆಂಡತಿ ಕುಂಬಳಕಾಯಿ ಸಿಪ್ಪೆಯ ಚೀಲ ಹಿಡಿದು ಬೇಲಿಯ ಹತ್ತಿರ ಹೋದಳು. ಮುದುಕರು ನಗುತ್ತಾ ಕೈಯಾಡಿಸಿದರು: ಅಡುಗೆಮನೆಯಿಂದ ಬಂದದ್ದು, ಕಾನೂನಿಲ್ಲ. ತೋಟದಿಂದ ನೇರವಾಗಿ ಕಿತ್ತದ್ದಾದರೆ ಅಡ್ಡಿಯಿಲ್ಲವಂತೆ. ಈಗ ನಮ್ಮ ಹಿತ್ತಲಲ್ಲಿ ಒಂದು ಸಾಲು ಕೋಸು ಹೆಚ್ಚಿಗೆ ಹಾಕುತ್ತೇವೆ. ಬಲಿತದ್ದನ್ನು ಕಿತ್ತು, ಮನೆಯೊಳಗೆ ಒಯ್ಯದೆ, ಬೇಲಿಯ ಮೇಲಿಂದ ಆಚೆ ಹಾಕುತ್ತೇನೆ. ಚಳಿಗಾಲದಲ್ಲಿ ಬೇರೆ ಮನೆಗಳಿಗೆ ಮಾಂಸ ಹೋದಾಗ ನಮಗೆ ಒಂದು ಚೀಲ ಗೊಬ್ಬರ ಬರುತ್ತದೆ. ವಾಸನೆ ಇದೆ. ಗಾಳಿ ತಿರುಗಿದ ದಿನ ಈಗಲೂ ಕಿಟಕಿ ಮುಚ್ಚುತ್ತೇನೆ.

ಊರಿಗೆ ಹೋದಾಗ ಆ ಹುಡುಗನನ್ನು ಹುಡುಕಬೇಕೆಂದಿದ್ದೇನೆ. ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಅವನ ತಂದೆಯ ಹೆಸರು ಇರಬೇಕು. ಹೇಳುವುದು ಏನು ಎಂದು ಇನ್ನೂ ತೋಚಿಲ್ಲ. ರುಜು ಹಾಕಿಸಿಕೊಂಡು ಬಂದವನು ನಾನು ಎಂಬುದನ್ನಾದರೂ ಹೇಳಬೇಕು.